ದಿಂಬಿನ ಎತ್ತರ

ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಜಿಮ್ಮಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಯಾರಾದರೂ ಭಾರ ಎತ್ತಿ ಕೆಳಗೆ ಹಾಕಿದರೆ ಈ ಕಡೆ ನನ್ನ ಗುಂಡುಸೂಜಿಯ ಡಬ್ಬಿ ನಡುಗುತ್ತದೆ. ಮತ್ತೆ ಅಲ್ಲೇ ಇಡುವ ವಸ್ತುವನ್ನು ಎತ್ತುವುದಾದರೂ ಯಾಕೆ ಎಂದು ಎಂಟು ವರ್ಷದಿಂದ ಬೈಯುತ್ತಿದ್ದೇನೆ. ನಾನು ಬೈದಷ್ಟೂ ಜಿಮ್ಮು ಬೆಳೆಯುತ್ತಿದೆ. ಅದನ್ನು ನಡೆಸುವವನಿಗೆ ನಾನಿಟ್ಟ ಹೆಸರು ಡಂಬೆಲ್ಲು. ಅದು ಅವನಿಗೂ ಗೊತ್ತು, ಬೇಜಾರು ಮಾಡಿಕೊಂಡವನಲ್ಲ. ಆರು ತಿಂಗಳಿಗೊಮ್ಮೆ ಪ್ಯಾಂಟು ಹಿಡಿದುಕೊಂಡು ಬಂದು, "ಅಕ್ಕಾ, ತೊಡೆ ಹತ್ರ ಸ್ವಲ್ಪ ಬಿಡಿ, ಸೊಂಟದ ಹತ್ರ ಸ್ವಲ್ಪ ಹಿಡೀರಿ" ಅನ್ನುತ್ತಾನೆ. ಹಾಗೆ ಬಿಟ್ಟು, ಹೀಗೆ ಹಿಡಿದು, ಆ ಪ್ಯಾಂಟಿನಲ್ಲಿ ಮೂಲ ಬಟ್ಟೆ ಎಷ್ಟು ಉಳಿದಿದೆಯೋ ದೇವರೇ ಬಲ್ಲ.

ನನ್ನ ಚಿಕ್ಕಮ್ಮನನ್ನು ವ್ಯಾಯಾಮಕ್ಕೆ ಆ ಜಿಮ್ಮಿಗೆ ಕಳಿಸಬೇಕೋ, ಮನೆಯಲ್ಲೇ ಮಾಡಿಸಬೇಕೋ ಎಂಬ ಪ್ರಶ್ನೆ ಬಂದಾಗ ನಾನು ಅಳೆದೂ ಸುರಿದೂ ನೋಡುವ ಗೋಜಿಗೇ ಹೋಗಲಿಲ್ಲ. ಅಳತೆಯಲ್ಲೇ ಅನ್ನ ಉಣ್ಣುವವಳು ನಾನು. ಅಲ್ಲೇ ಎಡವಿದೆ.

ಚಿಕ್ಕಮ್ಮನಿಗೆ ಎಪ್ಪತ್ತೊಂದು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಓಡುವ ಬಸ್ಸಿನಲ್ಲಿ ಕಂಬಿ ಮುಟ್ಟದೆ ನಿಂತು, ಎರಡೂ ಕೈಯಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದಳು. "ಕಂಬಿ ಹಿಡಿಯೋದು ಪ್ಯಾಸೆಂಜರು ಕಣೇ, ಕಂಡಕ್ಟರ್ ಅಲ್ಲ" ಅನ್ನುವುದು ಅವಳ ಗತ್ತು. ನಾಲ್ಕು ವರ್ಷದವಳಿದ್ದಾಗ ಅಮ್ಮನನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ಇವಳೇ. ಮನೆಯಲ್ಲಿ ಒಂದು ಹಳೆಯ ಹೊಲಿಗೆ ಮೆಷಿನ್ನಿತ್ತು. ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ನನ್ನನ್ನು ಅದರ ಮುಂದೆ ಕೂರಿಸಿ, ತಾನು ಬಾಗಿಲ ಬಳಿ ನಿಂತು "ರೈಟ್!" ಅನ್ನುತ್ತಿದ್ದಳು. ನಾನು ಪೆಡಲು ತುಳಿಯುತ್ತಿದ್ದೆ. ಅದು ನಮ್ಮ ಬಸ್ಸು. ಅವಳು "ಹೋಲ್ಡಾನ್" ಅಂದರೆ ನಿಲ್ಲಿಸಬೇಕು. ಬೇರೆಯವರು ಸೂಜಿ ಹಿಡಿದು ಹೊಲಿಗೆ ಕಲಿತರೆ ನಾನು ಡ್ರೈವರ್ ಆಗಿ ಕಲಿತೆ.

ಅಂಥ ಕಾಲಿನವಳು ಚಳಿಗಾಲದ ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಜಾರಿ ಬಿದ್ದಳು. ಸೊಂಟದ ಕೀಲಿನ ಬಳಿ ಮೂಳೆ ಮುರಿಯಿತು. ಆಪರೇಷನ್ ಆಯಿತು, ಹಾಸಿಗೆ ಆಯಿತು, ವಾಕರ್ ಬಂತು. ಮೂಳೆ ಕೂಡಿಕೊಂಡರೂ ಬಲಗಾಲಿನ ತೊಡೆ ಕರಗಿಹೋಗಿತ್ತು. ಟೇಪು ಹಿಡಿದು ನೋಡಿದೆ, ಎಡಕ್ಕಿಂತ ಬಲ ಎರಡೂವರೆ ಇಂಚು ಕಡಿಮೆ.

ಮೂಳೆ ಡಾಕ್ಟರು ಖಂಡಿತವಾದಿ. "ನಾನು ಮೂಳೆ ಕೂಡಿಸಿದೀನಿ. ಎದ್ದು ನಿಲ್ಲಿಸೋದು ಮೂಳೆ ಅಲ್ಲ, ತೊಡೆ. ಇನ್ನು ಆರು ವಾರ ಬಿಡದೆ ವ್ಯಾಯಾಮ ಮಾಡಿಸಿ. ಜಿಮ್ಮಲ್ಲಾದ್ರೂ ಸರಿ, ಮನೇಲಾದ್ರೂ ಸರಿ. ಎದೆ ಮೇಲೆ ಕೈ ಕಟ್ಕೊಂಡು, ಎಲ್ಲೂ ಊರದೆ, ಕುರ್ಚಿಯಿಂದ ಐದು ಸಲ ಎದ್ದು ಕೂತ್ರೆ ಗೆದ್ದ ಹಾಗೆ. ಈಗ ಬಿಟ್ರೆ ಈ ವಯಸ್ಸಲ್ಲಿ ಹೋದ ಬಲ ವಾಪಸ್ ಬರೋದು ಕಷ್ಟ. ಆಮೇಲೆ ಯಾವಾಗ್ಲೂ ಇನ್ನೊಬ್ರೇ ಏಳಿಸ್ಬೇಕು" ಅಂದರು.

ಚಿಕ್ಕಮ್ಮ ಒಂದೇ ಒಂದು ಪ್ರಶ್ನೆ ಕೇಳಿದಳು. "ಬಾತ್‌ರೂಮಿಗೆ ಒಬ್ಬಳೇ ಹೋಗಿ ಬಾಗಿಲು ಹಾಕ್ಕೊಳ್ಳೋ ಹಾಗಾಗುತ್ತಾ ಡಾಕ್ಟ್ರೇ?"

"ಐದು ಸಲ ಎದ್ರೆ ಆಗುತ್ತೆ."

ಬಿದ್ದ ದಿನದಿಂದ ಆ ಬಾಗಿಲಿಗೆ ಚಿಲಕ ಬಿದ್ದಿರಲಿಲ್ಲ. ನಾನೇ ಜೊತೆಗೆ ಹೋಗಿ, ಕಂಕುಳಿಗೆ ಕೈ ಕೊಟ್ಟು ಕೂರಿಸುತ್ತಿದ್ದೆ, ಏಳಿಸುತ್ತಿದ್ದೆ. ಅಷ್ಟು ಹೊತ್ತೂ ಅವಳು ಗೋಡೆಯ ಕಡೆ ಮುಖ ತಿರುಗಿಸಿ ಕೂತಿರುತ್ತಿದ್ದಳು. ಅರವತ್ತು ಜನ ತುಂಬಿದ ಬಸ್ಸನ್ನು ಒಂದು ಕೂಗಿಗೆ ಹಿಂದಕ್ಕೆ ಸರಿಸುತ್ತಿದ್ದವಳು ಅಲ್ಲಿ ನನ್ನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ.

ವಿಷಯ ಕೇಳಿ ಡಂಬೆಲ್ಲು ತಾನಾಗಿಯೇ ಬಂದ. "ಅಜ್ಜೀನ ಕಳಿಸಿ ಅಕ್ಕಾ. ಹತ್ತು ಗಂಟೆ ಮೇಲೆ ಜಿಮ್ಮು ಖಾಲಿ ಇರುತ್ತೆ. ನಾನೇ ಪಕ್ಕದಲ್ಲಿ ನಿಂತು ಮಾಡಿಸ್ತೀನಿ."

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಹೋಗೋಣವೇನೇ?"

"ಏನೂ ಬೇಡ. ನಾಲ್ಕೂ ಕಡೆ ಕನ್ನಡಿ, ಎಲ್ಲಿ ನೋಡಿದ್ರೂ ಚಡ್ಡಿ ಹಾಕ್ಕೊಂಡಿರೋ ಹುಡುಗ್ರು. ಅವರ ಮಧ್ಯೆ ನೀನು ವಾಕರ್ ತಳ್ಕೊಂಡು ಹೋಗ್ತೀಯಾ? ಕಬ್ಬಿಣದ ಮೇಲೆ ಬಿದ್ರೆ? ಮನೇಲೇ ಮಾಡಿದ್ರಾಯ್ತು. ನಾನಿಲ್ವಾ?"

ನಾನಿಲ್ವಾ ಅಂದ ಮೇಲೆ ಎದುರು ಮಾತೆಲ್ಲಿ? ಡಂಬೆಲ್ಲು ತಲೆ ಕೆರೆದುಕೊಂಡು ಹೋದ.

ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಗಿರಾಕಿಗಳಿಗೆಂದು ಇಟ್ಟಿದ್ದ ಕೈಯಿಲ್ಲದ ಮರದ ಕುರ್ಚಿಯನ್ನು ಕತ್ತರಿಸುವ ಮೇಜಿನ ಪಕ್ಕಕ್ಕೆ ತಂದು ಹಾಕಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂದು ಸಲ, ಸಂಜೆ ಒಂದು ಸಲ. ಮೊದಲನೆಯ ದಿನ ಅವಳು ಎದೆಯ ಮೇಲೆ ಕೈ ಕಟ್ಟಿಕೊಂಡು, "ರೈಟ್" ಅಂದು, ಮುಂದಕ್ಕೆ ಬಾಗಿದಳು. ಕುರ್ಚಿಯಿಂದ ನಾಲ್ಕು ಬೆರಳು ಮೇಲೆದ್ದಳು, ಅಷ್ಟೇ. ತುಟಿ ಕಚ್ಚಿಕೊಂಡಿದ್ದಳು, ಕತ್ತಿನ ನರ ಉಬ್ಬಿತ್ತು. ನನಗೆ ನೋಡಲಾಗಲಿಲ್ಲ.

"ಸಾಕು, ಸಾಕು ಬಿಡು ಚಿಕ್ಕಮ್ಮ" ಅಂದೆ.

ಈ ಸಾಕು ಎಂಬ ಪದದ ಜೊತೆ ನನಗೊಂದು ಹಳೆಯ ಲೆಕ್ಕವಿದೆ. ಚಿಕ್ಕವಳಿದ್ದಾಗ ಬೀದಿಯವರು ನನ್ನನ್ನು ಅವಳ ಸಾಕು ಮಗಳು ಅನ್ನುತ್ತಿದ್ದರು. ಸಾಕು ಅಂದರೆ ಬೇಡ, ಮುಗಿಯಿತು ಎಂದಷ್ಟೇ ನನಗೆ ಗೊತ್ತಿತ್ತು. ಊಟ ಸಾಕು, ಆಟ ಸಾಕು, ಹಾಗೇ ಮಗಳೂ ಸಾಕು. ನಾನು ಬೇಡವಾದ ಮಗಳು ಎಂದು ತಿಳಿದು ಒಂದು ದಿನ ಮೆಷಿನ್ನಿನ ಕೆಳಗೆ ಅವಿತು ಅತ್ತಿದ್ದೆ. ಚಿಕ್ಕಮ್ಮ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತು ಕಾರಣ ಕೇಳಿದಳು, ಹೇಳಿದ ಮೇಲೆ ನಗಲೂ ಇಲ್ಲ. "ಹೌದು ಕಣೇ, ನೀನು ಸಾಕು ಮಗಳೇ. ನೀನೊಬ್ಬಳಿದ್ರೆ ಸಾಕು, ಬೇರೆ ಯಾರೂ ಬೇಡ ಅಂತ" ಅಂದಳು. ಅವಳು ಕೊನೆಗೂ ಮದುವೆಯಾಗಲಿಲ್ಲ. ಆ ಮಾತನ್ನು ನಡೆಸಿಕೊಟ್ಟಳು ಎಂದು ದೊಡ್ಡವಳಾದ ಮೇಲೆ ನನಗೆ ಹೊಳೆಯಿತು. ಅಂದಿನಿಂದ ನನ್ನ ಬಾಯಲ್ಲಿ ಸಾಕು ಎಂಬುದು ಅಕ್ಕರೆಯ ಮಾತು. ಅವಳ ಕಷ್ಟ ಕಂಡಾಗಲೆಲ್ಲ ತಾನಾಗಿ ಬರುತ್ತದೆ.

ಮರದ ಕುರ್ಚಿ ಮೂಳೆಗೆ ಒತ್ತುತ್ತದೆ ಎಂದು ಅವತ್ತು ಸಂಜೆ ಒಂದು ದಿಂಬು ಹೊಲಿದೆ. ಕೋಟಿನ ಭುಜಕ್ಕೆ ಹಾಕಿ ಮಿಕ್ಕಿದ್ದ ಫೋಮು, ಮೇಲೆ ಕಂದು ಬಟ್ಟೆ. ಮರುದಿನ ಅವಳು ಅರ್ಧದವರೆಗೂ ಎದ್ದಳು. ನಾನು ಚಪ್ಪಾಳೆ ತಟ್ಟಿದೆ. ಮೂರನೆಯ ದಿನ ಅರ್ಧಕ್ಕೇ ನಿಂತಾಗ ದಿಂಬು ಕೂತುಹೋಗಿದೆ ಅಂದುಕೊಂಡು ಹೊಲಿಗೆ ಬಿಚ್ಚಿ ಇನ್ನೊಂದು ಪದರ ತುಂಬಿದೆ. ನಾಲ್ಕು ದಿನ ಬಿಟ್ಟು ಮತ್ತೊಂದು. ಪ್ರತಿ ಸಲವೂ ಅದೇ ಕಂದು ಬಟ್ಟೆಯನ್ನು ಅಂಚಿನಲ್ಲಿ ಬಿಟ್ಟು ಹೊಲಿಯುತ್ತಿದ್ದೆ, ನೋಡಿದವರಿಗೆ ಹಳೆಯ ದಿಂಬೇ ಅನ್ನಿಸಬೇಕು. ಇದು ನನ್ನ ಕಸುಬಿನ ಬುದ್ಧಿ. ಗಿರಾಕಿಯ ಒಂದು ಭುಜ ಇಳಿದಿದ್ದರೆ ಒಳಗೊಂದು ಪ್ಯಾಡು ಇಡುತ್ತೇನೆ. ಹೊಟ್ಟೆ ಬಂದಿದ್ದರೆ ಮಡಿಕೆ ಬಿಡುತ್ತೇನೆ. ಭುಜ ನೆಟ್ಟಗೆ ಮಾಡಿಕೊಂಡು ಬಾ ಎಂದು ಯಾವ ಟೈಲರ್ ತಾನೇ ಹೇಳುತ್ತಾಳೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ಅವಳು ಬಾಯಿ ಬಿಡುವ ಮೊದಲೇ ನಾನು ನೆಲ ಸರಿಮಾಡಿ ಕೊಡುತ್ತಿದ್ದೆ.

ಎರಡನೆಯ ವಾರ ಎರಡು ಸಲ ಪೂರ್ತಿ ಎದ್ದಳು. ನಾಲ್ಕನೆಯ ವಾರ ಐದು. ಐದನೆಯ ವಾರ ಹತ್ತು! ಕೋಟಿನ ಅಂಚು ಮಡಿಸುತ್ತಾ ನಾನು ಎಣಿಸುತ್ತಿದ್ದೆ, ಹತ್ತು ಅನ್ನುವಾಗ ನನ್ನ ದನಿಯೇ ಒಡೆಯಿತು. ಇಬ್ಬರೂ ಒಂದೊಂದು ಲೋಟ ಹೆಚ್ಚಿಗೆ ಚಹಾ ಕುಡಿದೆವು. ನಾನು ಹೆಚ್ಚು ನಕ್ಕೆ, ಅವಳು ಕಡಿಮೆ. ಸುಸ್ತಾಗಿರಬೇಕು ಅಂದುಕೊಂಡೆ.

ಡಂಬೆಲ್ಲು ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ಜಂಬ ಕೊಚ್ಚಿಕೊಳ್ಳದೆ ಇರಲಾಗಲಿಲ್ಲ. "ನಿಮ್ಮ ಜಿಮ್ಮಿಲ್ದೇನೂ ಜನ ಎದ್ದು ನಿಲ್ತಾರಪ್ಪ. ಹತ್ತು ಸಲ ಏಳ್ತಾಳೆ ನಮ್ಮ ಚಿಕ್ಕಮ್ಮ."

"ಒಳ್ಳೇದಾಯ್ತು ಅಕ್ಕಾ! ತೊಡೆ ಅಳತೆ ಎಷ್ಟಾಗಿದೆ ಈಗ?"

ಅದೊಂದೇ ಮಾತು. ಬೀದಿಯಲ್ಲಿ ಹೋಗುವವರ ಭುಜವನ್ನು ಕಣ್ಣಲ್ಲೇ ಅಳೆಯುವ ನಾನು, ಐದು ವಾರದಲ್ಲಿ ಒಂದು ಸಲವೂ ಆ ತೊಡೆಗೆ ಟೇಪು ಹಿಡಿದಿರಲಿಲ್ಲ. "ಚೆನ್ನಾಗಿದೆ" ಅಂದು ಪ್ಯಾಂಟು ಕೈಗೆ ಕೊಟ್ಟು ಕಳಿಸಿದೆ. ಅವನು ಹೋದ ಮೇಲೂ ಟೇಪು ಮುಟ್ಟಲಿಲ್ಲ.

ಆರು ವಾರ ತುಂಬಿದ ದಿನ ಆಸ್ಪತ್ರೆಗೆ ಹೋದೆವು. ಡಾಕ್ಟರ ಜೊತೆಯಲ್ಲಿ ವ್ಯಾಯಾಮ ನೋಡಿಕೊಳ್ಳುವ ಹೆಂಗಸು ಒಂದು ಕುರ್ಚಿ ಎಳೆದು ಗೋಡೆಗೆ ಆನಿಸಿ ಇಟ್ಟಳು. ನಮ್ಮದರ ಹಾಗೆಯೇ ಮರದ್ದು, ಕೈಯಿಲ್ಲದ್ದು, ಮೇಲೆ ಏನೂ ಇಲ್ಲ. "ಹತ್ತು ಸಲ ಏಳ್ತಾರೆ ನೋಡಿ ಮೇಡಂ" ಎಂದು ನಾನೇ ಮುಂದಾಗಿ ಹೇಳಿದೆ. ಚಿಕ್ಕಮ್ಮ ಕುರ್ಚಿಯನ್ನು ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಕೂತಳು. ಎದೆಯ ಮೇಲೆ ಕೈ ಕಟ್ಟಿಕೊಂಡಳು.

"ರೈಟ್" ಅಂದಳು, ತನಗಷ್ಟೇ ಕೇಳುವ ಹಾಗೆ.

ನಾಲ್ಕು ಬೆರಳು ಎದ್ದು ಕೂತುಬಿಟ್ಟಳು. ಮತ್ತೊಮ್ಮೆ ಪ್ರಯತ್ನಿಸಿದಳು, ಅಷ್ಟೇ. ಮೂರನೆಯ ಸಲ ಅಷ್ಟೂ ಆಗಲಿಲ್ಲ. ನನ್ನ ಬಾಯಿಗೆ ಸಾಕು ಬಂದಿತ್ತು, ಹೇಗೋ ನುಂಗಿದೆ. ಆ ಹೆಂಗಸು ಏನನ್ನೋ ಬರೆದುಕೊಂಡಳು. ಡಾಕ್ಟರು ನನ್ನನ್ನು ಕೇಳಿದರು, "ಮನೇಲಿ ಏನು ಮಾಡಿಸ್ತಿದ್ರಿ?" ಮೊದಲ ದಿನ ಎಲ್ಲಿದ್ದಳೋ ಅಲ್ಲೇ ಇದ್ದಾಳೆ ಎಂಬುದು ಆ ಪ್ರಶ್ನೆಯಲ್ಲೇ ಇತ್ತು. "ಇನ್ನು ನಾಲ್ಕು ವಾರ ನೋಡೋಣ. ಅದಾದ ಮೇಲೆ ನಾನು ಭರವಸೆ ಕೊಡೋಕಾಗಲ್ಲ" ಅಂದರು.

ಮನೆಗೆ ಬಂದು ಅವಳನ್ನು ಮಂಚದ ಮೇಲೆ ಕೂರಿಸಿದೆ. ಕೊರಳಲ್ಲಿದ್ದ ಟೇಪು ತೆಗೆದು ಕುರ್ಚಿಯನ್ನು ಅಳೆದೆ. ನೆಲದಿಂದ ಮರಕ್ಕೆ ಹದಿನೇಳು ಇಂಚು. ನೆಲದಿಂದ ದಿಂಬಿನ ನೆತ್ತಿಗೆ ಇಪ್ಪತ್ತೆರಡು. ಆರು ವಾರ, ಐದು ಇಂಚು. ಕತ್ತರಿ ಹಿಡಿಯುವ ಮುಂಚೆ ಎರಡು ಸಲ ಅಳೆಯಬೇಕು ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಪಾಠ ಹೇಳುತ್ತೇನೆ. ತಾಯಿಗಿಂತ ಹೆಚ್ಚಾದವಳ ಕಾಲಿನ ವಿಷಯಕ್ಕೆ ವ್ಯಾಯಾಮ ಶುರುವಾದ ಮೇಲೆ ಒಂದು ಸಲವೂ ಅಳೆದಿರಲಿಲ್ಲ.

"ಚಿಕ್ಕಮ್ಮ, ಈ ದಿಂಬು..." ಎಂದು ಶುರು ಮಾಡಿದೆ.

"ಗೊತ್ತು ಕಣೇ."

"ಏನು ಗೊತ್ತು?"

"ಮೂವತ್ತು ವರ್ಷ ಬಸ್ಸಿನ ಮೆಟ್ಟಿಲು ಹತ್ತಿ ಇಳಿದೋಳು ನಾನು. ಕಾಲು ನೆಲಕ್ಕೆ ಎಟುಕ್ತಿಲ್ಲ ಅಂತ ನನಗೆ ತಿಳಿಯಲ್ವಾ? ಕೊನೇ ಎರಡು ವಾರ ನಾನು ಕುರ್ಚಿಯಿಂದ ಏಳ್ತಿರ್ಲಿಲ್ಲ. ಇಳೀತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. "ಗೊತ್ತಿದ್ದೂ ಸುಮ್ನಿದ್ಯಾ? ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳೋಣ ಅಂತ್ಲೇ ಇದ್ದೆ. ನೀನು ಹತ್ತು ಅಂದಾಗ ನಿನ್ನ ಮುಖ ನೋಡಿದೆ. ಹೇಳೋಕೆ ಮನಸ್ಸು ಬರ್ಲಿಲ್ಲ."

ಆಗ ನಾನು ಅತ್ತೆ, ಮುಚ್ಚುಮರೆ ಯಾಕೆ. ಅವಳಿಗೆ ನೋವಾಗಬಾರದೆಂದು ನಾನು ದಿಂಬು ಏರಿಸಿದೆ, ನನಗೆ ನೋವಾಗಬಾರದೆಂದು ಅವಳು ಅದರ ಮೇಲೆ ಕೂತಳು. ನಡುವೆ ಹೋದದ್ದು ಅವಳ ಆರು ವಾರ. ಚಿಕ್ಕಮ್ಮ ನನ್ನ ಅಳು ಮುಗಿಯುವವರೆಗೆ ಕಾದು, "ನಾಳೆ ಆ ಡಂಬೆಲ್ಲು ಹತ್ರ ಹೋಗೋಣ. ಆ ದಿಂಬೂ ತಗೋ, ಅವನೂ ನೋಡ್ಲಿ" ಅಂದಳು.

ಮರುದಿನ ಹತ್ತು ಗಂಟೆಗೆ ವಾಕರ್, ದಿಂಬು, ನಾನು, ಅವಳು, ಎಲ್ಲರೂ ಜಿಮ್ಮಿನೊಳಗೆ ಹೋದೆವು. ನಾಲ್ಕೂ ಕಡೆ ಕನ್ನಡಿ ನಿಜ. ಅದರೊಳಗೆ ಎಲ್ಲರಿಗಿಂತ ಹೆಚ್ಚು ಹೆದರಿದ ಮುಖ ನನ್ನದೇ. ಡಂಬೆಲ್ಲು ಹಂಗಿಸುತ್ತಾನೆ ಎಂದು ಕಾದಿದ್ದೆ, ಅವನು ಹಂಗಿಸಲಿಲ್ಲ. ದಿಂಬನ್ನು ಒತ್ತಿ ನೋಡಿ ಪಕ್ಕಕ್ಕಿಟ್ಟ. ನಮ್ಮ ಕುರ್ಚಿಯಷ್ಟೇ ಎತ್ತರದ ಒಂದು ಬೆಂಚು ತಂದು ಅದರ ಮೇಲೆ ಒಂದರ ಮೇಲೊಂದು ಹಲಗೆ ಜೋಡಿಸಿದ. ಚಿಕ್ಕಮ್ಮನನ್ನು ಕೂರಿಸಿ, ಎಬ್ಬಿಸಿ, ಒಂದು ಹಲಗೆ ತೆಗೆದು, ಮತ್ತೆ ಹಾಕಿ, ಕೊನೆಗೆ "ಇಪ್ಪತ್ತು ಇಂಚು. ಇಲ್ಲಿಂದ ಶುರು ಅಜ್ಜಿ" ಅಂದ.

ನನಗೆ ತಡೆಯಲಾಗಲಿಲ್ಲ. "ಅಲ್ಲಪ್ಪಾ, ನಾನೂ ಇದನ್ನೇ ತಾನೇ ಮಾಡಿದ್ದು?"

"ಹೌದಕ್ಕಾ, ಇದೇ. ನೀವು ಒಂದೊಂದೇ ಏರಿಸ್ತಾ ಹೋದ್ರಿ, ನಾವು ಒಂದೊಂದೇ ತೆಗೀತಾ ಹೋಗ್ತೀವಿ. ಅಷ್ಟೇ ವ್ಯತ್ಯಾಸ."

ಎಷ್ಟು ಸಲೀಸಾಗಿ ಹೇಳಿದ. ನನ್ನ ಕೆಟ್ಟ ಬುದ್ಧಿ ಅಲ್ಲೂ ಸುಮ್ಮನಿರಲಿಲ್ಲ. "ಹಾಗಿದ್ರೆ ಮನೇಲೇ ಮಾಡ್ಬೋದಲ್ಲ ಚಿಕ್ಕಮ್ಮ. ದಿಂಬಿಂದ ವಾರಕ್ಕೊಂದು ಪದರ ಬಿಚ್ತೀನಿ. ನನಗೆ ಈಗ ಗೊತ್ತಾಯ್ತಲ್ಲ."

ಚಿಕ್ಕಮ್ಮ ಬೆಂಚಿನ ಮೇಲಿಂದಲೇ ತಲೆಯಾಡಿಸಿದಳು. "ಮನೇಲಿ ನೀನು ಸಾಕು ಅಂತೀಯ. ನೀನು ಸಾಕು ಅಂದ್ರೆ ನನಗೂ ಸಾಕು ಅನ್ಸುತ್ತೆ. ಇವನು ಅನ್ನಲ್ಲ. ನಾನು ಇಲ್ಲೇ ಮಾಡ್ತೀನಿ. ನೀನು ಅಂಗಡೀಲಿರು."

"ನಾನು ಜೊತೆಗಿರೋದೂ ಬೇಡ್ವಾ?"

"ಗೋಡೆ ಆಚೆ ಇರ್ತೀಯಲ್ಲೇ."

ನನ್ನ ಮುಖ ಸಣ್ಣಗಾಯಿತು. ನಲವತ್ತೆಂಟು ವರ್ಷ ಒಟ್ಟಿಗಿದ್ದ ಮೇಲೆ ನಿನ್ನ ಕೈ ಬೇಡ ಅನ್ನಿಸಿಕೊಳ್ಳುವುದು ಸುಲಭವಲ್ಲ. ದಿಂಬನ್ನು ಬಗಲಲ್ಲಿಟ್ಟುಕೊಂಡು ಅಂಗಡಿಗೆ ವಾಪಸು ಬಂದೆ. ಹೊಲಿಗೆ ಬಿಚ್ಚಿ ಫೋಮನ್ನೆಲ್ಲ ತೆಗೆದು ಕೋಟುಗಳ ಭುಜಕ್ಕೆ ಇಟ್ಟೆ. ಅದರ ಜಾಗ ಅದೇ.

ಆಮೇಲೆ ದಿನಾ ಹತ್ತು ಗಂಟೆಗೆ ನಾನು ಮೆಷಿನ್ನು ನಿಲ್ಲಿಸುತ್ತಿದ್ದೆ. ಗೋಡೆಗೆ ಕಿವಿ ಕೊಡುತ್ತಿದ್ದೆ ಅಂತ ಹೇಳಲು ನಾಚಿಕೆ, ಆದರೆ ಕೊಡುತ್ತಿದ್ದೆ. ಮೊದಲ ವಾರ ಡಂಬೆಲ್ಲಿನ ದನಿಯೊಂದೇ ಕೇಳುತ್ತಿತ್ತು. "ಇನ್ನೊಂದು ಅಜ್ಜಿ, ಇನ್ನೊಂದೇ." ಇನ್ನೊಂದೇ ಅಂತ ನಾಲ್ಕು ಮಾಡಿಸುತ್ತಿದ್ದ, ಕಳ್ಳ. ಓಡಿಹೋಗಿ ಅವಳನ್ನು ಕರೆದುಕೊಂಡು ಬಂದುಬಿಡೋಣ ಅನ್ನಿಸುತ್ತಿತ್ತು. ಎರಡನೆಯ ವಾರ ಒಂದು ದಿನ ಗೋಡೆಯಾಚೆಯಿಂದ ಸಣ್ಣಗೆ "ರೈಟ್" ಕೇಳಿಸಿತು. ಇಷ್ಟು ವರ್ಷ ನಾನು ಶಪಿಸಿದ ಗೋಡೆ ಅದು ಎಂಬುದೇ ಮರೆತುಹೋಯಿತು. ಭಾನುವಾರ ಭಾನುವಾರ ಟೇಪು ಹಿಡಿದೆ. ಮೊದಲನೆಯ ಭಾನುವಾರ ಏನೂ ಇಲ್ಲ. ಎರಡನೆಯದಕ್ಕೆ ಕಾಲು ಇಂಚು. ಏನೂ ಇಲ್ಲ ಅಂದಾಗ ಏನೂ ಇಲ್ಲ ಅಂತಲೇ ಹೇಳಿದೆ. ಅವಳು "ಹೂಂ" ಅಂದಳು, ಬೇಸರ ಮಾಡಿಕೊಳ್ಳಲಿಲ್ಲ.

ನಾಲ್ಕನೆಯ ವಾರದ ಶನಿವಾರ ಡಂಬೆಲ್ಲು ಕೊನೆಯ ಹಲಗೆಯನ್ನೂ ತೆಗೆದನಂತೆ. ಅದನ್ನು ಅವಳು ನನಗೆ ಹೇಳಲಿಲ್ಲ, ಅವನು ಹೇಳಿದ. ಆಸ್ಪತ್ರೆಗೆ ಹೋಗಬೇಕಾದದ್ದು ಸೋಮವಾರ.

ಭಾನುವಾರ ಬೆಳಿಗ್ಗೆ ನಾನು ಒಂದು ಕೋಟಿಗೆ ತೋಳು ಕೂರಿಸುತ್ತಿದ್ದೆ. ಚಿಕ್ಕಮ್ಮ ವಾಕರ್ ತಳ್ಳಿಕೊಂಡು ನನ್ನ ಹಿಂದೆಯೇ ಹಾದು ಬಾತ್‌ರೂಮಿನ ಕಡೆ ಹೋದಳು. ಅಭ್ಯಾಸಬಲ, ನಾನು ಕೋಟು ಬಿಟ್ಟು ಎದ್ದು ಹೋದೆ. ಅವಳು ವಾಕರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದಳು. ಕಂಕುಳಿಗೆ ಕೈ ಹಾಕಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಸಾಕು ಮಗಳೇ" ಅಂದಳು.

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ನಾನು ಬಾಗಿಲಲ್ಲಿ ನಿಲ್ಲಬಾರದು ಎಂದು ಗಟ್ಟಿ ಮನಸ್ಸು ಮಾಡಿ ಮೆಷಿನ್ನಿನ ಮುಂದೆ ಬಂದು ಕೂತೆ. ತೋಳನ್ನು ಸೂಜಿಯ ಕೆಳಗೆ ಇಟ್ಟೆ. ಕಾಲು ಪೆಡಲಿನ ಮೇಲಿತ್ತು, ತುಳಿಯಲು ಧೈರ್ಯ ಬರಲಿಲ್ಲ. ತುಳಿದರೆ ಒಳಗೆ ಬಿದ್ದ ಸದ್ದು ಕೇಳಿಸದೆ ಹೋದರೆ? ಪಕ್ಕದ ಜಿಮ್ಮಿಗೆ ಭಾನುವಾರ ರಜೆ, ಗುಂಡುಸೂಜಿಯ ಡಬ್ಬಿಯೂ ಅಲುಗದೆ ಕೂತಿತ್ತು. ಎಷ್ಟು ಹೊತ್ತಾಯಿತೋ. ನೀರು ಬಿಟ್ಟ ಸದ್ದಾಯಿತು, ನಿಂತಿತು.

ಆಮೇಲೆ ಬಾತ್‌ರೂಮಿನ ಒಳಗಿನಿಂದ, ಹಿಂದಿನ ಸೀಟಿನವರಿಗೂ ಕೇಳಿಸುವ ಹಾಗೆ, ಅವಳ ಕೂಗು ಬಂತು.

"ರೈಟ್!"

ನಾನು ಪೆಡಲು ತುಳಿದೆ.